ಊರು ಕೊಟ್ಟ ದಮ್ಮು

ಅವತ್ತು ಬೆಳಿಗ್ಗೆ ಗಾಳಿ ಇರಲಿಲ್ಲ. ನನ್ನ ಸುಣ್ಣದ ಗೂಡಿನ ಹೊಗೆ ಮೇಲೆದ್ದು, ಎತ್ತ ಹೋಗಬೇಕೆಂದು ತಿಳಿಯದವರ ಹಾಗೆ ಅಲ್ಲೇ ನೆಟ್ಟಗೆ ನಿಂತಿತ್ತು. ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಆ ಮಂಜಿನೊಳಗಿಂದ ಮೊದಲು ಬಿದಿರ ಗಳು ನೀರಿಗೆ ಬೀಳುವ ಸದ್ದು ಬಂತು, ಆಮೇಲೆ ತೆಪ್ಪ ಬಂತು. ತೆಪ್ಪದ ಮೇಲೆ ಮೂವರು ಹರೆಯದವರು ಬಟ್ಟೆಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದೇ ತೆಪ್ಪ ತಿರುಗಿ ಹೋಗುವಾಗ ನನ್ನ ತಂಗಿಯ ಮಗ ಚಲುವ ಅದರಲ್ಲಿ ಆಚೆ ದಡದ ಪೇಟೆಗೆ ಹೋಗಬೇಕಿತ್ತು. ಅವನನ್ನು ಕೊಟ್ಟು ಈ ಮೂವರನ್ನು ತಂದವನು ನಾನೇ.

ನಮ್ಮ ಕಡೆ ಕಬಡ್ಡಿ ಆಡುವವನು ತನ್ನೊಬ್ಬನ ಉಸಿರಲ್ಲಿ ಆಡುವುದಿಲ್ಲ, ಊರಿನ ಉಸಿರಲ್ಲಿ ಆಡುತ್ತಾನೆ. ಹೊಳೆಯ ಗುಂಟ ಇರುವ ಏಳೂರಲ್ಲೂ ಹೀಗೆಯೇ. ತಂಡಕ್ಕೆ ಸೇರುವ ದಿನ ಅವನು ಮನೆಮನೆಯ ಹೊಸಿಲ ಮುಂದೆ ನಿಲ್ಲುತ್ತಾನೆ. ಮನೆಯಾಕೆ ಒಲೆಯ ಮುಂದಿನ ಊದುಗೊಳವೆಯನ್ನು ತೊಳೆದು ತಂದು ಅವನ ಕೈಗೆ ಕೊಡುತ್ತಾಳೆ. ಅವನು ಅದನ್ನು ಬಾಯಿಗಿಟ್ಟು ಒಂದು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ. ಅಲ್ಲಿಂದಾಚೆಗೆ ಅವನು ನಡುಗೆರೆ ದಾಟಿ ದಾಳಿಗೆ ಹೋದಾಗಲೆಲ್ಲ ಆ ಮನೆಯವರ ಉಸಿರು ಇದ್ದಲ್ಲೇ ನಿಲ್ಲುತ್ತದೆ, ಅವನ ದಮ್ಮು ಅಷ್ಟು ಉದ್ದವಾಗುತ್ತದೆ. ಅವನು ತಿರುಗಿ ಗೆರೆ ಮುಟ್ಟಿದ ಮೇಲೆ ಇವರು ಉಸಿರು ಬಿಡುತ್ತಾರೆ. ತಂಡದಲ್ಲಿ ಆಡುವವರ ಉಸಿರು ಮಾತ್ರ ಹೀಗೆ ನಿಲ್ಲುವುದಿಲ್ಲ. ಊರು ಬಿಡುವಾಗ ಅವನು ಮತ್ತೆ ಮನೆಮನೆಗೆ ಹೋಗಿ, ಅದೇ ಊದುಗೊಳವೆಯಿಂದ ಅವರ ಒಲೆ ಊದಿ, ಪಡೆದದ್ದನ್ನು ಒಪ್ಪಿಸಿ ಹೋಗಬೇಕು. ಒಪ್ಪಿಸುವ ತನಕ ಆ ಮನೆಯವರು ಇನ್ನೊಬ್ಬನಿಗೆ ಉಸಿರು ಕೊಡಲಾರರು.

ಆಟದ ದಿನ ಹೇಗಿರಬೇಕೆಂಬುದು ನಮ್ಮೂರಿಗೆ ರೂಢಿಯಾಗಿತ್ತು. ಟೀ ಅಂಗಡಿಯ ಮರಿಸ್ವಾಮಿ ಲೋಟ ಎತ್ತಿ ಟೀ ಹೊಯ್ಯುತ್ತಿದ್ದವನು ಹಾಗೇ ನಿಲ್ಲುತ್ತಿದ್ದ. ಕ್ಷೌರ ಮಾಡುವವನು ಮೊದಲೇ ಕತ್ತಿಯನ್ನು ಗಲ್ಲದಿಂದ ತೆಗೆದಿಡುತ್ತಿದ್ದ. ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲು ಹೇಳಿಕೊಡುತ್ತಿದ್ದ ಪಾಠ ಎಂದರೆ, ಆಟದ ಹೊತ್ತಿನಲ್ಲಿ ತುಂಬಿದ ಕೊಡ ಎತ್ತಬಾರದು ಎಂಬುದು.

ಆದರೆ ನಮ್ಮದು ಸಣ್ಣ ಊರು. ಎರಡು ಬೀದಿ, ಒಂದು ಕೇರಿ, ಹೊಳೆದಂಡೆಯ ನನ್ನ ಗೂಡು. ಇಷ್ಟು ಒಲೆಗಳಿಂದ ಎಷ್ಟು ದಮ್ಮು ಬಂದೀತು? ಪೇಟೆಯಲ್ಲಿ ಬೀದಿಯ ಹಿಂದೆ ಬೀದಿ, ಅಟ್ಟದ ಮೇಲೆ ಅಟ್ಟ. ಅಲ್ಲಿನವರು ಏಳು ಮಂದಿಗೂ ಹೊಟ್ಟೆತುಂಬ ಉಸಿರು ಕೊಟ್ಟು, ಅಂಕಣದ ಹೊರಗೆ ಕೂತವರಿಗೂ ಕೊಡಬಲ್ಲರು. ನಾವು ಇದ್ದುದನ್ನೆಲ್ಲ ಚಲುವನ ಎದೆಗೆ ತುಂಬಿದ್ದೆವು. ಅವನು ದಾಳಿಗೆ ಹೊರಟರೆ ಹದ್ದು ಇಳಿದ ಹಾಗಿರುತ್ತಿತ್ತು. ಅವನೊಬ್ಬ ಔಟಾದರೆ ಉಳಿದ ಆರು ಮಂದಿ ನೀರಿಲ್ಲದ ಮೀನುಗಳು. ಹೀಗೆ ಎರಡು ವರ್ಷ ಏಳೂರ ಆಟದಲ್ಲಿ ನಮ್ಮದೇ ಕಡೆಯ ಸ್ಥಾನವಾಯಿತು. ಮೂರನೆಯ ಸಲವೂ ಕಡೆಗೆ ಬಿದ್ದ ಊರಿನ ಅಂಕಣವನ್ನು ಗೆದ್ದ ಊರಿನವರು ಬಂದು ಉತ್ತು ಹುರುಳಿ ಬಿತ್ತಿ ಹೋಗುತ್ತಾರೆ. ಆಮೇಲೆ ಆ ಊರಿಗೆ ಆಟವಿಲ್ಲ. ನಮ್ಮ ಮೇಲಿನ ದಂಡೆಯಲ್ಲಿ ಹಾಗೆ ಆಟ ಕಳೆದುಕೊಂಡ ಊರೊಂದಿದೆ. ಅಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಉಸಿರು ಹಿಡಿಯುವುದಿಲ್ಲ. ಚೆನ್ನಾಗಿಯೇ ಇದ್ದಾರೆ, ಉಂಡು ಮಲಗುತ್ತಾರೆ. ಆದರೂ ಆ ಊರಿನ ಮೇಲೆ ಹಾದು ಬರುವಾಗ ನನಗೆ ಒಂಥರಾ ಆಗುತ್ತದೆ.

ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು ನಮ್ಮ ಮನೆತನದ ಸೇವೆ. ಹಾಗಾಗಿ ತಂಡದ ಯಜಮಾನಿಕೆಯೂ ನನ್ನದೇ. ಆ ವರ್ಷ ಬೇಸಿಗೆಯಲ್ಲಿ ನಾನು ಪೇಟೆಯ ಆಟ ನೋಡಲು ತೆಪ್ಪ ಹತ್ತಿ ಹೋಗುತ್ತಿದ್ದೆ. ಆಡುವವರನ್ನಲ್ಲ, ಹೊರಗೆ ಕೂತವರನ್ನು ನೋಡುತ್ತಿದ್ದೆ. ಔಟಾಗಿ ಬಂದು ಕೂತವನು ಸಾಮಾನ್ಯವಾಗಿ ಆಕಾಶ ನೋಡುತ್ತಾನೆ, ಇಲ್ಲವೇ ಮಂಡಿಯ ಗಾಯ ಕೆರೆಯುತ್ತಾನೆ. ಜವರ ಎಂಬವನು ಮಾತ್ರ ಕೂತಲ್ಲಿಂದಲೇ ದಾಳಿಗಾರನ ಪಾದ ನೋಡುತ್ತಿದ್ದ. ಅವನ ಪಕ್ಕದಲ್ಲಿ ಹೊನ್ನಯ್ಯ, ಚಿಕ್ಕಹೊನ್ನಯ್ಯ ಎಂಬ ಅವಳಿಗಳಿದ್ದರು. ಒಬ್ಬ ಬಾಗಿದರೆ ಇನ್ನೊಬ್ಬ ನೋಡದೆಯೇ ಬಾಗುತ್ತಿದ್ದ. ಪೇಟೆಯವರ ಕಣ್ಣಿಗೆ ಇವರು ಬಿದ್ದಿರಲಿಲ್ಲ, ಉಸಿರು ಕೊಟ್ಟವರೂ ಇರಲಿಲ್ಲ. ಹಿಡಿಯುವವನಿಗೆ ಉಸಿರು ಕಟ್ಟುವ ಕೆಲಸವಿಲ್ಲ. ದಾಳಿ ಮಾಡುವವನಿಗೆ ಮಾತ್ರ ದಮ್ಮು ಬೇಕು. ಉಸಿರಿಲ್ಲದ ಊರು ಹಿಡಿಯುವುದನ್ನು ಕಲಿಯಬೇಕು ಎಂದು ನನಗೆ ತೋರಿದ್ದು ಆಗ.

ಗಾಳೆವ್ವನ ಗುಡಿಯ ಮುಂದೆ ಊರು ಸೇರಿತು. ನಾನು ಹೇಳಿದ್ದನ್ನು ಕೇಳಿ ಮರಿಸ್ವಾಮಿ ಮೊದಲು ಬಾಯಿ ತೆರೆದ.

"ಏನ್ ಗಿರಿಯಣ್ಣ, ಹೂಡೋ ಎತ್ತು ಕೊಟ್ಟು ಮೂರು ಕರ ತರ್ತೀನಿ ಅಂತೀಯಲ್ಲ. ಉಳಕ್ಕೆ ಯಾರು ಹೆಗಲು ಕೊಡ್ತರೆ, ನೀನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಕರ ಎತ್ತಾಯ್ತದೆ ಕಣೋ ಮರಿಸ್ವಾಮಿ. ಎತ್ತು ಇನ್ನೊಂದ್ಸಲ ಕರ ಆಗಲ್ಲ."

"ಅವು ಎತ್ತಾಗೋ ಹೊತ್ಗೆ ಹೊಲ್ದಲ್ಲಿ ಹುರುಳಿ ಬೆಳ್ದಿರ್ತದೆ, ಬುಡು."

ಪೂಜಾರಜ್ಜಿ ಗಾಳೆವ್ವನ ತಲೆಯ ಮೇಲೆ ಹೂವಿಟ್ಟು ಕೇಳಿದಳು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಹೂವು ಎತ್ತಲೂ ಬೀಳಲಿಲ್ಲ. ನಾವು ಬಿಸಿಲು ಏರುವವರೆಗೂ ಕೂತಿದ್ದೆವು. ದೇವರು ಕೆಲವು ಸಲ ನಮ್ಮ ತೀರ್ಮಾನವನ್ನು ನಮಗೇ ಬಿಡುತ್ತಾಳೆ, ಅದು ಅವಳ ಸಿಟ್ಟೋ ಕರುಣೆಯೋ ತಿಳಿಯುವುದು ಕಷ್ಟ. ಬೇಡ ಎನ್ನಲಿಲ್ಲವಲ್ಲ ಎಂಬುದನ್ನೇ ಹಿಡಿದು ನಾನು ಎದ್ದೆ.

ಚಲುವ ಗೂಡಿನ ಹತ್ತಿರ ಬಂದು ಒಂದೇ ಮಾತು ಕೇಳಿದ. "ಮಾವ, ನಾನೇನು ಕಮ್ಮಿ ಮಾಡ್ದೆ?"

"ನೀನು ಕಮ್ಮಿ ಮಾಡ್ಲಿಲ್ಲ ಕಣಪ್ಪ. ಊರೇ ಕಮ್ಮಿ ಐತೆ."

ಅವನು ಸುಣ್ಣದ ಕಲ್ಲೊಂದನ್ನು ಎತ್ತಿ ಹೊಳೆಗೆ ಎಸೆದು ಹೋದ.

ಆ ಗಾಳಿಯಿಲ್ಲದ ಬೆಳಿಗ್ಗೆ ಊರಿನ ಹೆಂಗಸರೆಲ್ಲ ಒಲೆ ಹಚ್ಚಿ, ಊದುಗೊಳವೆ ತೊಳೆದು ಹೊಸಿಲ ಮೇಲಿಟ್ಟು ಕಾಯುತ್ತಿದ್ದರು. ಚಲುವ ಯಾರ ಮನೆಗೂ ಹೋಗಲಿಲ್ಲ. ಬೀದಿಯ ನಡುವೆ ನೆಟ್ಟಗೆ ನಡೆದು ಬಂದು ತೆಪ್ಪ ಹತ್ತಿದ.

"ಒಲೆಗೋಳು ಕಾಯ್ತಾ ಅವೆ ಕಣ್ಲಾ" ಎಂದೆ.

"ಕಾಯ್ಲಿ" ಎಂದ.

ನನ್ನ ತಂಗಿ ದೇವೀರಿ ದಂಡೆಯವರೆಗೆ ಬಂದಿದ್ದಳು. ತೆಪ್ಪ ಮಂಜಿನೊಳಗೆ ಹೋದ ಮೇಲೆ ನನ್ನ ಕಡೆ ತಿರುಗಿದಳು. ನನಗೆ ಹೆಂಡತಿ ಮಕ್ಕಳಿಲ್ಲ. ದೇವೀರಿಯ ಗಂಡ ತೀರಿದಾಗಿನಿಂದ ನನ್ನ ಊಟ ಅವಳ ಮನೆಯಲ್ಲೇ. "ಅಣ್ಣಯ್ಯ, ಇನ್ ನಮ್ಮನೆ ಕಡೆ ಬರ್ಬ್ಯಾಡ" ಎಂದಳು. ದನಿ ಏರಲಿಲ್ಲ. ಆಮೇಲೆ ಗಂಟು ಹಿಡಿದು ನಿಂತಿದ್ದ ಮೂವರನ್ನು ನೋಡಿದಳು. ಹೋದವನ ಮನೆಯಲ್ಲೇ ಬಂದವರು ಇರಬೇಕು, ಅವನ ತಟ್ಟೆಯಲ್ಲೇ ಉಣ್ಣಬೇಕು ಎಂಬುದು ಏಳೂರ ಕಟ್ಟು.

"ನೀವ್ ಬನ್ನಿ. ಉಣ್ಣಕ್ಕೆ ಬಂದೋರ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಕರ್ಕಂಬಂದೋರ ಮ್ಯಾಲೆ ಐತೆ."

ಜವರ ಬಾಗಿಲಲ್ಲಿ ನಿಂತು "ಅವ್ವ, ಗಂಟು ಎಲ್ಲಿಡ್ಲಿ?" ಎಂದನಂತೆ.

"ಅವ್ವ ಅನ್ನಕ್ಕೆ ನಂಗೊಬ್ಬ ಅವ್ನೆ. ನೀನು ದೊಡ್ಡವ್ವ ಅನ್ನು. ಮೂಲೇಲಿಡು."

ಹೀಗೆ ನಮ್ಮೂರಲ್ಲಿ ಉಸಿರಿಲ್ಲದ ಮೂವರು ಸೇರಿದರು. ಉಸಿರು ಮಾತ್ರ ಹೊಳೆಯಾಚೆ ಹೋಗಿತ್ತು. ಪೇಟೆಯಲ್ಲಿ ಚಲುವ ಆಡಿದಾಗಲೆಲ್ಲ ಇಲ್ಲಿ ನಮ್ಮ ಉಸಿರು ನಿಲ್ಲುತ್ತಿತ್ತು. ಮೊದಮೊದಲು ಗಾಬರಿಯಾಯಿತು. ಆಟ ಯಾವಾಗ ಎಂದು ನಮಗೆ ಗೊತ್ತಿರುತ್ತಿರಲಿಲ್ಲ. ಭಜನೆಯ ನಡುವೆ ಪಲ್ಲವಿ ಕತ್ತರಿಸಿ ಬೀಳುತ್ತಿತ್ತು, ತಾಳ ಮಾತ್ರ ನಡೆಯುತ್ತಿತ್ತು. ಬೀಗರೊಡನೆ ಮಾತಾಡುತ್ತಿದ್ದವರು ಬಾಯಿ ತೆರೆದು ಕೂರುತ್ತಿದ್ದರು. ಆಮೇಲೆ ಅದೂ ರೂಢಿಯಾಯಿತು. ಉಸಿರು ಬಿಟ್ಟ ಮೇಲೆ ಒಬ್ಬರನ್ನೊಬ್ಬರು ನೋಡಿ, "ನಮ್ ಚಲುವ ಆಡ್ತಾವ್ನೆ" ಎನ್ನುತ್ತಿದ್ದರು. ಬೈಯುತ್ತಿದ್ದರು, ಆದರೆ ಒಳಗೊಳಗೆ ಒಂದು ಹಿತವಿತ್ತು. ಅವನು ಪೂರ್ತಿ ಹೋಗಿಲ್ಲ ಎಂಬ ಹಿತ.

ನಮ್ಮ ಹುಡುಗರು ತಮ್ಮ ಸ್ವಂತ ಉಸಿರಲ್ಲಿ ಆಡಿದರು. ನಡುಗೆರೆ ದಾಟಿ ನಾಲ್ಕು ಹೆಜ್ಜೆ ಇಟ್ಟು ಬಂದುಬಿಡುತ್ತಿದ್ದರು. ಮುಟ್ಟುವ ಆಸೆಯನ್ನೇ ಇಟ್ಟುಕೊಳ್ಳಲಿಲ್ಲ. ಎದುರಿನವನು ಬರಲಿ ಎಂದು ಕಾಯುವುದು, ಬಂದರೆ ಇನ್ನೂ ಒಳಕ್ಕೆ ಬರಲು ಬಿಡುವುದು, ಜವರ ಪಾದಕ್ಕೆ ಬೀಳುವುದು, ಅವಳಿಗಳು ಎರಡು ಬದಿಯಿಂದ ಬಾಗಿಲು ಮುಚ್ಚಿದ ಹಾಗೆ ಮುಚ್ಚುವುದು. ಇಷ್ಟೇ ಆಟ. ನೋಡುವವರಿಗೆ ಬೇಜಾರು. "ಇದೇನ್ ಆಟ್ವಾ, ಕಾವಲಾ?" ಎಂದು ಮರಿಸ್ವಾಮಿ ಕೂಗುತ್ತಿದ್ದ. ಮೊದಲು ಸೋತರು. ಮತ್ತೂ ಸೋತರು. ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಊರನ್ನು ಗೆದ್ದರು. ಆ ದಿನ ಮರಿಸ್ವಾಮಿ ಮೂವರಿಗೂ ಟೀ ಕೊಟ್ಟು, "ಬಿಟ್ಟಿ ಅಂತ ತಿಳ್ಕಬ್ಯಾಡಿ, ಕರಗೋಳಿಗೆ ಹಾಕೋ ಹಿಂಡಿ ಇದು" ಎಂದ.

ಗೆದ್ದರೂ ಊರು ಅವರನ್ನು ನಮ್ಮವರೆನ್ನಲಿಲ್ಲ. ಎನ್ನಲು ಉಸಿರಿರಬೇಕಲ್ಲ.

ಒಂದು ಮಧ್ಯಾಹ್ನ ದೇವೀರಿ ಒಲೆಯ ಮೇಲಿಂದ ಹಿಟ್ಟಿನ ಮಡಕೆ ಇಳಿಸುತ್ತಿದ್ದಳಂತೆ. ಆಗಲೇ ಉಸಿರು ನಿಂತಿತು. ಕೈ ಸೋತು ಮಡಕೆ ವಾಲಿದಾಗ ಜವರ ಹೋಗಿ ಹಿಡಿದ. ಅಂಗೈ ಸುಟ್ಟರೂ ಬಿಡದೆ ಕೆಳಗಿಟ್ಟು, ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಖ ನೋಡುತ್ತಾ ಹೇಳಿದ. "ವಸಿ ತಡ್ಕೊ ದೊಡ್ಡವ್ವ. ಒಳಗೋಗವ್ನೆ... ಎಡಕ್ಕೆ ಹಾದ... ಇನ್ನೂ ಒಳಕ್ಕೆ... ಈಗ ತಿರುಗ್ತನೆ ನೋಡು, ಈಗ... ಬಂದ."

ದೇವೀರಿ ಉಸಿರು ಬಿಟ್ಟಳು. "ನಿಂಗೆಂಗ್ ಗೊತ್ತಾಯ್ತು?"

"ನಿನ್ ಗಂಟ್ಲ ಕುಳಿ. ಅವ್ನು ತಿರುಗೋಕ್ ಮುಂಚೆ ಅದು ಒಳಕ್ಕೆ ಸೇದ್ತದೆ."

"ಗೆದ್ನಾ?"

"ಗೆದ್ದ ಕಣ್ ದೊಡ್ಡವ್ವ."

ಅಂದಿನಿಂದ ಅದೊಂದು ಕೆಲಸವಾಯಿತು. ಊರಿನ ಬೇರೆಯವರಿಗೆಲ್ಲ ಉಸಿರು ಸುಮ್ಮನೆ ನಿಲ್ಲುತ್ತಿತ್ತು. ಹೆತ್ತವಳ ಗಂಟಲಲ್ಲಿ ಮಾತ್ರ ಮಗನ ಹೆಜ್ಜೆ ಆಡುತ್ತಿತ್ತು. ಉಸಿರು ನಿಂತ ಕೂಡಲೇ ಅವಳು ಕೈಲಿದ್ದುದನ್ನು ಕೆಳಗಿಟ್ಟು ಜವರನ ಕಡೆ ತಿರುಗುತ್ತಿದ್ದಳು. ಅವನು ಹೊಳೆಯಾಚೆಯ ಆಟವನ್ನು ಅವಳ ಗಂಟಲಿನಿಂದ ಓದಿ ಅವಳಿಗೇ ಹೇಳುತ್ತಿದ್ದ. ಅವಳು ನಗುತ್ತಿದ್ದಳು ಎಂದು ಅವಳಿಗಳು ನನಗೆ ಬಂದು ಹೇಳಿದರು. ಗೂಡಿನ ಪಕ್ಕದಲ್ಲಿ ನಾನೇ ಬೇಯಿಸಿಕೊಂಡ ಗಂಟುಗಂಟು ಮುದ್ದೆ ನುಂಗುತ್ತಾ ಅದನ್ನು ಕೇಳಿಸಿಕೊಂಡೆ. ಮಗನನ್ನು ಅವಳಿಂದ ದೂರ ಮಾಡಿದವನು ನಾನು, ದಿನಾ ಅಷ್ಟಷ್ಟಾಗಿ ತಂದುಕೊಡುತ್ತಿದ್ದವನು ಅವನ ಬದಲಿಗೆ ಬಂದವನು. ದೇವರ ತಕ್ಕಡಿಯಲ್ಲಿ ಯಾವುದನ್ನು ಯಾವುದರ ಎದುರಿಗೆ ಇಡುತ್ತಾರೋ.

ಕಡೆಯ ಆಟ ಪೇಟೆಯ ಮೇಲೆ, ನಮ್ಮ ಅಂಕಣದಲ್ಲಿ ಬಿತ್ತು. ಲೆಕ್ಕ ಸುಲಭವಿತ್ತು. ಗೆದ್ದರೆ ಕಡೆಯ ಸ್ಥಾನ ತಪ್ಪುತ್ತದೆ, ಅಂಕಣ ಉಳಿಯುತ್ತದೆ. ಸೋತರೆ ಹುರುಳಿ. ಪೇಟೆಯವರು ನೇಗಿಲನ್ನು ತೆಪ್ಪಕ್ಕೆ ಹಾಕಿಕೊಂಡೇ ಬರುತ್ತಾರಂತೆ ಎಂಬ ಸುದ್ದಿಯೂ ಬಂತು.

ಹಿಂದಿನ ದಿನ ನಾನು ಗೆರೆ ಎಳೆಯುವಾಗ ಜವರ ಬಂದು ಪಕ್ಕದಲ್ಲಿ ನಿಂತ. ಆಮೇಲೆ ಹೇಳಿದ.

"ಯಜಮಾನ್ರೆ, ಚಲುವಣ್ಣ ಯಾವಾಗ ತಿರುಗ್ತನೆ ಅಂತ ನಂಗೊತ್ತು. ದೊಡ್ಡವ್ವನ ಗಂಟ್ಲು ನೋಡಿದ್ರೆ ಸಾಕು. ತಿರುಗೋ ಗಳಿಗೇಲಿ ಒಂಟಿ ಕಾಲಲ್ಲಿರ್ತನೆ. ಆಗ ಕಾಲಿಗೆ ಬಿದ್ರೆ ಆನೆಯಾದ್ರೂ ಬೀಳ್ತದೆ."

ನನ್ನ ಕೈಲಿದ್ದ ಸುಣ್ಣದ ಡಬ್ಬಿ ನಿಂತಿತು. ಗೆರೆಯ ಮೇಲೆ ಸುಣ್ಣ ಗುಡ್ಡೆಯಾಯಿತು.

"ಅವಳನ್ನ ಕೇಳ್ದಂಗೆ ಆ ಕೆಲ್ಸ ಮಾಡ್ಬ್ಯಾಡ" ಎಂದೆ.

"ಆಗ್ಲೇ ಕೇಳ್ದೆ. ಮುಖ ದೇವ್ರು ಕೊಟ್ಟಿದ್ದು, ನೋಡೋರ ಕಣ್ಣ ನಾನ್ ಕಟ್ಲಾ, ಅಂದ್ರು."

ಮರುದಿನ ದೇವೀರಿ ಬಂದು ಗುಡಿಯ ಬದಿಗೆ, ನಡುಗೆರೆಯ ತುದಿಯಲ್ಲೇ ಕೂತಳು. ಸೆರಗನ್ನು ತಲೆಯ ಮೇಲಿಂದ ಎಳೆದು, ಮುಖ, ಗಂಟಲು, ಎದೆ ಎಲ್ಲವನ್ನೂ ಮುಚ್ಚಿಕೊಂಡಿದ್ದಳು. ಜವರ ಒಮ್ಮೆ ನೋಡಿ ತಲೆ ತಗ್ಗಿಸಿದ. ಮಗನನ್ನು ಹಿಡಿದುಕೊಡು ಎಂದು ಯಾವ ತಾಯಿಯನ್ನು ಯಾರು ಕೇಳಬಹುದು?

ಅಂಥ ಆಟವನ್ನು ನಾನು ಮುಂಚೆ ನೋಡಿರಲಿಲ್ಲ. ಚಲುವ ದಾಳಿಗೆ ಬಂದರೆ ಬಯಲೆಲ್ಲ ನಿಶ್ಶಬ್ದ. ಪೇಟೆಯವರು ಅವನಿಗೆ ಉಸಿರು ಕೊಟ್ಟವರು, ನಾವೂ ಕೊಟ್ಟವರು. ನಮ್ಮನ್ನು ಸೋಲಿಸಲು ಬಂದವನಿಗಾಗಿ ನಾವೇ ಉಸಿರು ಕಟ್ಟಿ ನಿಂತಿದ್ದೆವು. ಬೈಯುವುದಿರಲಿ, ಕೆಮ್ಮಲೂ ಆಗುತ್ತಿರಲಿಲ್ಲ. ಕಬಡ್ಡಿ ಕಬಡ್ಡಿ ಎಂಬ ಅವನೊಬ್ಬನ ದನಿ, ಅಂಕಣದೊಳಗೆ ನಮ್ಮ ಹುಡುಗರು ಏದುತ್ತಿದ್ದ ಸದ್ದು, ಅಷ್ಟೇ. ಅಂಥ ದಮ್ಮಿನ ಎದುರು ನಮ್ಮ ಹುಡುಗರು ಹೊರಗೆ ಹೋಗುತ್ತಿದ್ದರು, ಚಲುವನಲ್ಲದ ಬೇರೆಯವರನ್ನು ಹಿಡಿದು ಮತ್ತೆ ಒಳಗೆ ಬರುತ್ತಿದ್ದರು. ಹಾಗೆ ಹೋಗುತ್ತಾ ಬರುತ್ತಾ ಅಂಕ ಸಮವಾಯಿತು. ಉಳಿದಿದ್ದುದು ಒಂದೇ ದಾಳಿ. ಅದು ಪೇಟೆಯದು. ಒಬ್ಬನನ್ನು ಮುಟ್ಟಿ ಗೆರೆಗೆ ಮರಳಿದರೆ ಅವರು ಗೆದ್ದರು, ಹಿಡಿದರೆ ನಾವು.

ಚಲುವ ಬಂದ. ಬಗ್ಗಿ ನೆಲ ಮುಟ್ಟಿ, ಗಾಳೆವ್ವನ ಕಡೆ ಒಮ್ಮೆ ನೋಡಿ, ಗೆರೆ ದಾಟಿದ. ನನ್ನ ಉಸಿರು ನಿಂತಿತು. ಎದುರಿಗೆ ಮರಿಸ್ವಾಮಿಯ ಬಾಯಿ ತೆರೆದೇ ಇತ್ತು. ಪೂಜಾರಜ್ಜಿಯ ಕೈ ಗಂಟೆಯ ಹಗ್ಗದ ಮೇಲೆ ನಿಂತಿತ್ತು. ಚಲುವ ಬಲಕ್ಕೆ ಹೋದ, ಎಡಕ್ಕೆ ಹಾದ. ಹಿರಿಯ ಹೊನ್ನಯ್ಯನ ಭುಜವನ್ನು ಬೆರಳ ತುದಿಯಿಂದ ಮುಟ್ಟಿದ. ಇನ್ನು ಅವನು ತಿರುಗಿ ಗೆರೆ ಸೇರಿದರೆ ಮುಗಿಯಿತು. ಆದರೆ ತಿರುಗಲಿಲ್ಲ. ನಮ್ಮ ಅಂಕಣದ ಆಳಕ್ಕೆ ಇಳಿದು, ಇನ್ನೊಬ್ಬನನ್ನೂ ಮುಟ್ಟುವವನ ಹಾಗೆ ಹಿಂದಿನ ಗೆರೆಯವರೆಗೂ ಹೋದ. ನಾನು ಕಮ್ಮಿ ಅಲ್ಲ ಎಂದು ಊರಿಗೆ ತೋರಿಸುತ್ತಿದ್ದಾನೆ ಎಂದು ನನಗನ್ನಿಸಿತು. ನನ್ನ ಎದೆ ಉರಿಯುತ್ತಿತ್ತು.

ಆಗ ದೇವೀರಿ ಸೆರಗನ್ನು ತೆಗೆದಳು.

ಅವಸರವಿಲ್ಲದೆ, ಒಲೆಯ ಮೇಲಿನ ಮಡಕೆಯ ಮುಚ್ಚಳ ತೆಗೆಯುವವಳ ಹಾಗೆ ತೆಗೆದು ಭುಜದ ಮೇಲೆ ಹಾಕಿಕೊಂಡು, ಗಲ್ಲವನ್ನು ಸ್ವಲ್ಪ ಎತ್ತಿ ಕೂತಳು. ಜವರ ಅಲ್ಲಿಂದ ಕಣ್ಣು ತೆಗೆಯಲಿಲ್ಲ. ಚಲುವ ಅವನ ಬೆನ್ನ ಹಿಂದೆ ಹಾಯುತ್ತಿದ್ದರೂ ತಿರುಗಿ ನೋಡಲಿಲ್ಲ. ಅವಳ ಗಂಟಲ ಕುಳಿ ಒಳಕ್ಕೆ ಸೇದಿದ್ದನ್ನು ನಾನೂ ನೋಡಿದೆ. ಜವರ ನೋಡದೆಯೇ ಹಿಂದಕ್ಕೆ ಬಿದ್ದು, ಅಲ್ಲಿದ್ದ ಪಾದವನ್ನು ಎರಡೂ ಕೈಯಲ್ಲಿ ಅವಚಿಕೊಂಡ. ಅವಳಿಗಳು ಎರಡು ಬದಿಯಿಂದ ಮುಚ್ಚಿದರು.

ಚಲುವ ಬೀಳುವಾಗಲೂ ದಮ್ಮು ಬಿಡಲಿಲ್ಲ. ಎರಡೂರಿನ ಉಸಿರು ಅವನ ಎದೆಯಲ್ಲಿತ್ತು. ಮೂವರನ್ನು ಎಳೆದುಕೊಂಡು ನಡುಗೆರೆಯ ಕಡೆ ತೆವಳಿದ. ಕೈ ಚಾಚಿದರೆ ನಾನು ಎಳೆದ ಸುಣ್ಣ. ತಲೆ ಎತ್ತಿದ. ಅವನ ಎದುರಿಗೆ ಅವನ ತಾಯಿ ಇದ್ದಳು, ತುಟಿ ಕಪ್ಪಿಟ್ಟಿತ್ತು. ಅವಳ ಹಿಂದೆ ನಾವೆಲ್ಲ ಇದ್ದೆವು. ಪೇಟೆಯಲ್ಲಿ ಆಡುವಾಗ ಅವನು ನಮ್ಮನ್ನು ಈ ಸ್ಥಿತಿಯಲ್ಲಿ ಕಂಡಿರಲಾರ. ಅವನ ದನಿ ನಿಂತಿತು.

ದಮ್ಮು ಮುಗಿಯಿತೋ, ಅವನೇ ಬಿಟ್ಟನೋ, ಈ ಮಾತು ಮರಿಸ್ವಾಮಿಯ ಅಂಗಡಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಜವರನ ಹಿಡಿತವೇ ಎನ್ನುವವರ ಕಡೆ ನಾನಿದ್ದೇನೆ. ಮರಿಸ್ವಾಮಿ ಒಪ್ಪುವುದಿಲ್ಲ. ಇಬ್ಬರೂ ಚಲುವನನ್ನು ಕೇಳಿಲ್ಲ.

ಊರೆಲ್ಲ ಒಟ್ಟಿಗೆ ಉಸಿರು ಬಿಟ್ಟಾಗ ಗುಡಿಯ ಮುಂದಿನ ಅರಳಿಮರದ ಎಲೆಗಳು ಅಲುಗಿದವು. ಪೇಟೆಯವರು ನೇಗಿಲನ್ನು ತೆಪ್ಪಕ್ಕೆ ಮತ್ತೆ ಹೊತ್ತು ಹಾಕಿದರು. ಹೆಂಗಸೊಬ್ಬಳು ದೇವೀರಿಯನ್ನು ಕೇಳಿದಳು, "ಅದ್ಯಾಕಕ್ಕ ಕಡೇಲಿ ಸೆರಗು ತೆಗ್ದೆ?"

"ಸೆಕೆ ಆಯ್ತು, ತೆಗ್ದೆ" ಎಂದಳು ದೇವೀರಿ.

ಪೇಟೆಯ ತೆಪ್ಪ ಹೋಯಿತು. ಚಲುವ ಹೋಗಲಿಲ್ಲ, ಬೆಳಗಾದ ಮೇಲೆ ಬರುತ್ತೇನೆಂದು ಹೇಳಿ ಗುಡಿಯ ಜಗಲಿಯಲ್ಲಿ ಮಲಗಿದ. ಬೆಳಿಗ್ಗೆ ನಾನು ಗೂಡಿಗೆ ಕಿಚ್ಚು ಹಾಕುವ ಹೊತ್ತಿಗೆ ಮೇಲಿನ ಬೀದಿಯ ಮೊದಲ ಮನೆಯಿಂದ ಹೊಗೆ ಎದ್ದಿತು. ಆಮೇಲೆ ಅದರ ಪಕ್ಕದ ಮನೆಯಿಂದ. ಅವನು ಒಂದೊಂದೇ ಮನೆಯ ಒಲೆ ಊದುತ್ತಾ ಬರುತ್ತಿದ್ದ. ಯಾರ ಮನೆಯಲ್ಲೂ ಕೂರಲಿಲ್ಲ, ಮರಿಸ್ವಾಮಿಯ ಮನೆಯಲ್ಲಿ ಕೊಟ್ಟ ಟೀ ಮಾತ್ರ ಕುಡಿದ. ನನ್ನ ಗೂಡಿಗೂ ಬಂದ. ಮಂಡಿಯೂರಿ, ಗೂಡಿನ ಬಾಯಿಗೆ ಕೊಳವೆ ಇಟ್ಟು, ಕಣ್ಣಲ್ಲಿ ನೀರು ಬರುವವರೆಗೂ ಊದಿದ. ನನ್ನ ಎದೆಯಲ್ಲಿ ಕಟ್ಟಿಕೊಂಡಿದ್ದುದೊಂದು ಸಡಿಲವಾಯಿತು. "ಬಾ ಮಾವ" ಎಂದ. ನಾನು ಅವನ ಹಿಂದೆ ನಡೆದೆ.

ದೇವೀರಿಯ ಮನೆ ಕಡೆಯದು. ನಾನು ಹೊಸಿಲಾಚೆ ನಿಂತೆ. ಅವಳು ಒಳಗಿನಿಂದಲೇ ಹೇಳಿದಳು, "ಅಲ್ಯಾಕ್ ನಿಂತೆ ಅಣ್ಣಯ್ಯ, ಒಳಗ್ ಬಾ. ಹೊಗೆ ಹೊರಗೋಗ್ಬೇಕು, ದಾರಿ ಬುಡು."

ಜವರ ಗೋಡೆಯ ಕಡೆ ಸರಿದು ಜಾಗ ಬಿಟ್ಟ. ಚಲುವ ಅವನನ್ನು ನೋಡಿ, ತನ್ನ ಪಾದದ ಕೀಲು ಸವರಿಕೊಂಡು, "ಏನ್ ಹಿಡೀತೀಯೋ ಮಾರಾಯ" ಎಂದ. ಆಮೇಲೆ ಒಲೆಯ ಮುಂದೆ ಕೂತು ಊದಿದ. ಬಹಳ ಹೊತ್ತು ಊದಿದ. ಬೂದಿ ಹಾರಿ, ಕೆಳಗಿನ ಕೆಂಡ ಕೆಂಪಾಗಿ, ಸೌದೆ ಹೊತ್ತಿತು. ದೇವೀರಿ ಕಣ್ಣು ಮುಚ್ಚಿ, ಅವನು ಹೋದ ಬೆಳಿಗ್ಗೆಯಿಂದ ಬಿಡದ ಒಂದು ಉಸಿರನ್ನು ಬಿಟ್ಟಳು. ಇನ್ನು ಅವನು ಆಚೆ ದಡದಲ್ಲಿ ಎಷ್ಟು ಆಡಿದರೂ ಅವಳಿಗೆ ತಿಳಿಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಚಲುವ ಊದುಗೊಳವೆಯ ತುದಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಾಯಿಯ ಕೈಗೆ ಕೊಟ್ಟ.